ಹೆರಿಗೆ ಹೊತ್ತಲ್ಲಿ ಪಿವಿ ಬೇಡ ಅನ್ನಬಹುದಾ?

ಕೃಷ್ಣಾದಂಡೆ, ಜಮಖಂಡಿ

ಅಕ್ಕಂದಿರೇ, ಮುಜುಗರದ ಪ್ರಶ್ನೆ ಅಂತ ಗೊತ್ತು. ಇಲ್ಲಿ ಕೇಳದೆ ಇನ್ನೆಲ್ಲಿ ಕೇಳಲಿ? ನನಗೆ ಈಗ ಎಂಟು ತಿಂಗಳು. ಎರಡನೆಯ ಮಗು. ಹೆರಿಗೆ ನೋವಿನ ಬಗ್ಗೆ ಅಷ್ಟು ಭಯ ಇಲ್ಲ. ಭಯ ಇರುವುದು ಪಿವಿ ಬಗ್ಗೆ. ಅದೇ, ಒಳಗೆ ಕೈ ಹಾಕಿ ನೋಡುವುದು.

ಮೊದಲ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ ಆಯಿತು. ಹೆಸರು ಬೇಡ. ಒಬ್ಬರು ನೋಡಿ ಹೋಗುತ್ತಿದ್ದರು, ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಮತ್ತೆ ನೋಡುತ್ತಿದ್ದರು. ಯಾರು ಡಾಕ್ಟರ್, ಯಾರು ಕಲಿಯುವವರು ಅಂತ ನನಗೆ ಗೊತ್ತೇ ಆಗಲಿಲ್ಲ. "ಕಾಲು ಅಗಲ ಮಾಡವ್ವಾ" ಅನ್ನುವುದು ಬಿಟ್ಟು ಬೇರೆ ಮಾತು ಆಡಿದವರು ಕಡಿಮೆ. ಪರದೆ ಅರ್ಧ ಸರಿದಿತ್ತು. ಮಗು ಚೆನ್ನಾಗಿ ಹುಟ್ಟಿತು, ನಾನೂ ಚೆನ್ನಾಗಿದ್ದೆ. ಹಾಗಾಗಿ ಮನೆಯಲ್ಲಿ ಯಾರಿಗೂ ಇದೊಂದು ದೂರು ಅನ್ನಿಸಲೇ ಇಲ್ಲ. ಅತ್ತೆಯವರಿಗೆ ಹೇಳಿದರೆ "ಹಡೆಯೋಕೆ ಹೋದಮೇಲೆ ನಾಚಿಕೆ ಎಂಥದ್ದು" ಅಂದರು.

ನಾಚಿಕೆಯಾಗಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ. ಈಗ ಚೆಕಪ್ ಇದ್ದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಈ ಸಲ ಬೇಡ ಅನ್ನಬಹುದಾ? ಅಂದರೆ ಮಗುವಿಗೆ ತೊಂದರೆ ಆಗುತ್ತದಾ? ಡಾಕ್ಟರ್ ಸಿಟ್ಟಾಗಿ "ಹಾಗಾದರೆ ಬೇರೆ ಕಡೆ ಹೋಗಿ" ಅಂದರೆ ಏನು ಮಾಡಲಿ?

ಗುಳೇದಗುಡ್ಡ ಖಣ

ನೀವು ಬರೆದದ್ದು ಓದಿ ಕೈ ನಡುಗಿತು ಅಕ್ಕಾ. ನನಗೂ ಹಾಗೇ ಆಗಿತ್ತು. ನಾನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿಲ್ಲ. ಗೊತ್ತಿದ್ದವರು ಉತ್ತರ ಬರೆಯಿರಿ, ನಾನೂ ಓದುತ್ತೇನೆ.

ರಾತ್ರಿ ಡ್ಯೂಟಿ, ಬೆಳಗಾವಿ

ನಾನು ಲೇಬರ್ ವಾರ್ಡ್ ಸಿಸ್ಟರ್. ಯಾವ ಆಸ್ಪತ್ರೆ ಅಂತ ಕೇಳಬೇಡಿ.

ಮೊದಲು ನೇರ ಉತ್ತರ. ಹೌದು ತಂಗಿ, ಬೇಡ ಅನ್ನಬಹುದು. ಆದರೆ ಪೂರಾ ಬೇಡ ಅನ್ನುವುದಕ್ಕೂ, "ಈ ನೋವು ಇಳಿಯಲಿ, ಆಮೇಲೆ ಮಾಡಿ", "ಯಾಕೆ ಅಂತ ಹೇಳಿ ಮಾಡಿ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ನಿಮಗೆ ನಿಜವಾಗಿ ಬೇಕಿರುವುದು ಎರಡನೆಯದು ಅಂತ ನನಗೆ ಅನ್ನಿಸುತ್ತದೆ.

ಪಿವಿ ಮಾಡಿದಾಗ ನಮಗೆ ಏನು ಗೊತ್ತಾಗುತ್ತದೆ ಹೇಳುತ್ತೇನೆ. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ, ಎಷ್ಟು ತೆಳುವಾಗಿದೆ, ಮಗುವಿನ ತಲೆ ಎಷ್ಟು ಕೆಳಗೆ ಇಳಿದಿದೆ, ಯಾವ ಕಡೆ ತಿರುಗಿದೆ, ನೀರಿನ ಚೀಲ ಹಾಗೇ ಇದೆಯಾ ಒಡೆದಿದೆಯಾ. 10 ಸೆಂ.ಮೀ. ಆದರೆ ಪೂರ್ತಿ ತೆರೆದಿದೆ ಅಂತ ಲೆಕ್ಕ. ಅದಕ್ಕೂ ಮುಂಚೆ ಜೋರಾಗಿ ತಿಣುಕಿದರೆ ತಾಯಿ ಸುಮ್ನೆ ಸುಸ್ತಾಗುತ್ತಾಳೆ. ಇದು ಬೇಡದ ಕೆಲಸ ಅಂತ ನಾನು ಹೇಳಲಾರೆ.

ಆದರೆ ಎಷ್ಟು ಸಲ ಅನ್ನುವುದೇ ಪ್ರಶ್ನೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ತಾಯಿ, ಮಗು ಇಬ್ಬರೂ ಆರಾಮಾಗಿದ್ದರೆ, ನೋವು ಜೋರಾದ ಹಂತದಲ್ಲಿ 4 ಗಂಟೆಗೊಮ್ಮೆ ನೋಡಿದರೆ ಸಾಕು ಅನ್ನುತ್ತದೆ ಅದು. ಆ ಜೋರಾದ ಹಂತ ಶುರುವಾಗುವುದು 5 ಸೆಂ.ಮೀ.ನಿಂದ.

ಹಾಗಾದರೆ ಅಷ್ಟೊಂದು ಸಲ ಯಾಕೆ ನೋಡುತ್ತಾರೆ? ಒಳಗಿನ ಮಾತು ಹೇಳುತ್ತೇನೆ. ಡ್ಯೂಟಿ ಬದಲಾಗುತ್ತದೆ. ಹಿಂದಿನವರು ಫೈಲಿನಲ್ಲಿ ಬರೆದಿದ್ದರೂ ಹೊಸಬರು ತಾವೇ ಒಂದು ಸಲ ನೋಡುತ್ತಾರೆ. ಆಮೇಲೆ ಡಾಕ್ಟರ್ ರೌಂಡ್ಸ್‌ಗೆ ಬರುತ್ತಾರೆ, ಅವರೂ ನೋಡುತ್ತಾರೆ. ಕಲಿಸುವ ಆಸ್ಪತ್ರೆ ಆದರೆ ಪಿಜಿಗಳು, ಇಂಟರ್ನ್‌ಗಳು, ನರ್ಸಿಂಗ್ ಹುಡುಗಿಯರು. ಇದರಲ್ಲಿ ತಾಯಿಗೋಸ್ಕರ ಮಾಡಿದ್ದು ಎಷ್ಟು, ನಮ್ಮ ವ್ಯವಸ್ಥೆಗೋಸ್ಕರ ಮಾಡಿದ್ದು ಎಷ್ಟು ಅಂತ ಬಿಡಿಸಿ ನೋಡುವ ರೂಢಿ ನಮ್ಮಲ್ಲಿ ಇಲ್ಲ. ಇನ್ನೊಂದು, ಇಬ್ಬರು ಬೇರೆ ಬೇರೆ ನೋಡಿದರೆ ಒಂದು ಸೆಂಟಿಮೀಟರ್ ವ್ಯತ್ಯಾಸ ಬರುವುದು ಮಾಮೂಲು. ಒಬ್ಬರ ಬೆರಳಿಗೆ 4 ಅನ್ನಿಸಿದ್ದು ಇನ್ನೊಬ್ಬರಿಗೆ 5. ಆದ್ದರಿಂದ ಆದಷ್ಟು ಒಬ್ಬರೇ ನೋಡಲಿ ಅಂತ ನೀವು ಕೇಳಿದರೆ ಅದು ಜಂಬ ಅಲ್ಲ, ಲೆಕ್ಕ ಸರಿ ಸಿಗುವುದೂ ಹಾಗೇ.

ಇಂಡಿ ನಿಂಬೆ

ಎಲ್ಲರೂ ಬೈಯಿರಿ ಪರವಾಗಿಲ್ಲ, ನನಗೆ ಅನ್ನಿಸಿದ್ದು ಹೇಳುತ್ತೇನೆ. ನನಗೆ ಮೂರು ಮಕ್ಕಳು. ಮೂರೂ ಸಲ ಕೈ ಹಾಕಿ ನೋಡಿದರು. ನೋಯಿತು, ಮರೆತೆ. ಒಂದು ಪಾಳಿಯಲ್ಲಿ ಎಷ್ಟು ಹೆರಿಗೆ ಬರುತ್ತವೆ, ಸಿಸ್ಟರ್‌ಗಳು ಎಷ್ಟು ಮಂದಿ ಇರುತ್ತಾರೆ, ಅದನ್ನೂ ನೋಡಬೇಕಲ್ಲ. ಪ್ರತಿಯೊಬ್ಬರಿಗೂ ಕೂತು ಹೇಳುತ್ತಾ ಹೋದರೆ ಪಕ್ಕದ ಮಂಚದವಳಿಗೆ ರಕ್ತ ಹೋಗುತ್ತಿದ್ದರೆ ಯಾರು ನೋಡಬೇಕು? ಇಂಥದ್ದನ್ನೆಲ್ಲ ಓದಿ ಹೊಸ ಬಸುರಿಯರು ಆಸ್ಪತ್ರೆಗೇ ಹೆದರಿ ತಡ ಮಾಡಿ ಬಂದರೆ ಅದು ಇನ್ನೂ ಅಪಾಯ.

ಗೋಕಾಕ ಕರದಂಟು

ಇಂಡಿ ಅಕ್ಕಾ, ಕೊನೆಯ ಮಾತು ಒಪ್ಪುತ್ತೇನೆ. ಆದರೆ "ಈಗ ಒಳಗೆ ನೋಡುತ್ತೇನೆ, ಆಗಬಹುದಾ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಕೈಗೆ ಗ್ಲೌಸ್ ಹಾಕಿಕೊಳ್ಳುವಾಗಲೇ ಮುಗಿಯುತ್ತದೆ. ನನ್ನ ಎರಡನೆಯ ಹೆರಿಗೆಯಲ್ಲಿ ಒಬ್ಬ ಸಿಸ್ಟರ್ ಹಾಗೇ ಕೇಳಿದರು. "ಅವ್ವಾ, ಉಚ್ಚೆ ಹೋಗಿ ಬಂದೆಯಾ? ಉಸಿರು ಉದ್ದ ಬಿಡು. ಬೇಡ ಅನ್ನಿಸಿದರೆ ಕೈ ಎತ್ತು, ನಿಲ್ಲಿಸುತ್ತೇನೆ." ಅದೇ ಎರಡು ಬೆರಳು, ಅದೇ ಮಂಚ, ಅದೇ ಗದ್ದಲದ ವಾರ್ಡು. ನೋವು ಅರ್ಧ ಅನ್ನಿಸಿತು. ಸರ್ಕಾರಿ ಆಸ್ಪತ್ರೆ ಅದು, ದುಡ್ಡು ಕೊಟ್ಟ ಪ್ರೈವೇಟ್ ಅಲ್ಲ.

ಇಂಡಿ ನಿಂಬೆ

ಹಾಗೆ ಕೇಳುವವರು ಸಿಕ್ಕರೆ ಯಾರು ಬೇಡ ಅಂತಾರೆ. ಸಿಗುವುದಿಲ್ಲ ಅನ್ನುವುದೇ ನನ್ನ ಮಾತು.

ಮಲಪ್ರಭಾ ಡಾಕ್ಟರ್

ಬಾಗಲಕೋಟೆ ಜಿಲ್ಲೆಯಲ್ಲಿ ಹೆರಿಗೆ ಡಾಕ್ಟರ್ ಆಗಿದ್ದೇನೆ. ಸಿಸ್ಟರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನೋಡದೆ ಸಲಹೆ ಕೊಡುವುದು ಎಷ್ಟೋ ಅಷ್ಟೇ. ನಿಮ್ಮ ಫೈಲ್ ನೋಡಿದ ಡಾಕ್ಟರ್ ಮಾತೇ ಮುಖ್ಯ.

ಹೊಟ್ಟೆಯಲ್ಲಿ ಮಗು ಇರುವಾಗ, ನೋವು ಬರುವ ಮುಂಚೆ, ಎಲ್ಲ ಸರಿ ಇದ್ದರೆ ಪಿವಿ ಬೇಕಾಗುವುದು ಬಹಳ ಕಡಿಮೆ. ಪ್ರತಿ ಚೆಕಪ್‌ಗೂ ಮಾಡುವ ಪರೀಕ್ಷೆ ಅಲ್ಲ ಅದು. ಬಿಪಿ, ತೂಕ, ರಕ್ತ, ಮೂತ್ರ, ಹೊಟ್ಟೆ ಮುಟ್ಟಿ ನೋಡುವುದು, ಮಗುವಿನ ಎದೆಬಡಿತ, ಸ್ಕ್ಯಾನ್ ಇಷ್ಟರಲ್ಲಿ ಮುಗಿಯುತ್ತದೆ. ಹಾಗಾಗಿ ಕೃಷ್ಣಾದಂಡೆಯವರೇ, ಚೆಕಪ್ಪಿನ ಹಿಂದಿನ ರಾತ್ರಿ ನಿದ್ದೆಗೆಡಬೇಡಿ. ಒಳಗೆ ಹೋಗುತ್ತಲೇ "ಇವತ್ತು ಒಳಗಿನ ತಪಾಸಣೆ ಇದೆಯಾ?" ಅಂತ ಕೇಳಿಬಿಡಿ. ಬಹಳ ಸಲ "ಇಲ್ಲ" ಅನ್ನುವ ಉತ್ತರವೇ ಬರುತ್ತದೆ.

ಕೆಲವು ಕಡೆ 37 ವಾರ ದಾಟಿದ ಮೇಲೆ "ದಾರಿ ಸಾಕಾಗುತ್ತದಾ ನೋಡೋಣ" ಅಂತ ಪಿವಿ ಮಾಡುವ ರೂಢಿ ಇದೆ. ನನ್ನ ಅಭಿಪ್ರಾಯ ಕೇಳಿದರೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಮಗುವಿನ ತಲೆ ಹೆರಿಗೆ ಹೊತ್ತಿಗೆ ಬಾಗುತ್ತದೆ, ತಿರುಗುತ್ತದೆ, ಮೂಳೆಗಳು ಸ್ವಲ್ಪ ಒಂದರ ಮೇಲೊಂದು ಸರಿಯುತ್ತವೆ. ದಾರಿ ಸಾಕಾ ಇಲ್ಲವಾ ಅನ್ನುವುದು ನೋವು ಬಂದಮೇಲೆ ಗೊತ್ತಾಗುವ ವಿಷಯ. ಆರೋಗ್ಯವಾಗಿರುವ ಬಸುರಿ ನೋವು ಬಂದು ದಾಖಲಾದಾಗ ಹೀಗೆ ಪೆಲ್ವಿಸ್ (ಸೊಂಟದ ಮೂಳೆಗಳ ನಡುವಿನ ದಾರಿ) ಅಳೆದು ನೋಡುವುದನ್ನು ರೂಢಿಯಾಗಿ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಅದೇ 2018ರ ಮಾರ್ಗಸೂಚಿಯಲ್ಲಿ ಹೇಳಿದೆ.

ಪಿವಿ ಮಾಡಲೇಬಾರದ ಸಂದರ್ಭವೂ ಇದೆ, ಇದನ್ನು ಎಲ್ಲರೂ ನೆನಪಿಡಿ. ಮಾಸು ಕೆಳಗೆ ಕೂತು ಗರ್ಭಕೋಶದ ಬಾಯಿ ಮುಚ್ಚಿದ್ದರೆ ಬೆರಳು ಹಾಕಿದಾಗ ವಿಪರೀತ ರಕ್ತ ಹೋಗಬಹುದು. ಬಸುರಿಗೆ ರಕ್ತ ಕಾಣಿಸಿಕೊಂಡರೆ ಮೊದಲು ಸ್ಕ್ಯಾನ್‌ನಲ್ಲಿ ಮಾಸು ಎಲ್ಲಿದೆ ನೋಡಬೇಕು. ನಿಮ್ಮ ಸ್ಕ್ಯಾನ್ ರಿಪೋರ್ಟಿನಲ್ಲಿ ಮಾಸು ಕೆಳಗಿದೆ ಅಂತ ಬರೆದಿದ್ದರೆ, ಯಾವ ಆಸ್ಪತ್ರೆಗೆ ಹೋದರೂ ಮೊದಲ ಮಾತು ಅದೇ ಆಗಿರಲಿ. ರಾತ್ರಿ 108ರಲ್ಲಿ ಹೋದರೂ ಅದನ್ನೇ ಹೇಳಿ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಕೆಳಗಿದ್ದ ಮಾಸು ಆಮೇಲೆ ಮೇಲೆ ಹೋಗುವುದೇ ಜಾಸ್ತಿ, ಅದಕ್ಕೆ ಗಾಬರಿ ಬೇಡ. ಮತ್ತೊಂದು ಸ್ಕ್ಯಾನ್ ಮಾಡಿಸಿ ಖಾತ್ರಿ ಮಾಡಿಕೊಳ್ಳಿ.

ನೀರು ಒಡೆದು ನೋವು ಇನ್ನೂ ಶುರುವಾಗಿಲ್ಲ ಅಂದರೂ ಬೆರಳು ಹಾಕುವುದನ್ನು ಆದಷ್ಟು ತಪ್ಪಿಸಬೇಕು. ಒಂದೊಂದು ಸಲ ಬೆರಳು ಹೋದಾಗಲೂ ಕೆಳಗಿನ ಕೀಟಾಣು ಮೇಲೆ ಹೋಗುವ ಅವಕಾಶ ಇರುತ್ತದೆ.

ಹಾಗೇ, ಇದು ಹೊಸ ಮಾತು ಅಂದುಕೊಳ್ಳಬೇಡಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮೆಲ್ವೈಸ್ ಅನ್ನುವ ಡಾಕ್ಟರ್ ಗಮನಿಸಿದ್ದು ಇದನ್ನೇ. ಅಲ್ಲಿ ಎರಡು ಹೆರಿಗೆ ವಾರ್ಡ್ ಇದ್ದವು. ಸೂಲಗಿತ್ತಿಯರು ನೋಡುತ್ತಿದ್ದ ವಾರ್ಡಿಗಿಂತ ಮೆಡಿಕಲ್ ವಿದ್ಯಾರ್ಥಿಗಳ ವಾರ್ಡಿನಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಜಾಸ್ತಿ. ವಿದ್ಯಾರ್ಥಿಗಳು ಹೆಣ ಕೊಯ್ದು ಬಂದ ಕೈಯಲ್ಲೇ ಹೆಂಗಸರ ಒಳಗಿನ ತಪಾಸಣೆ ಮಾಡುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಅವರ ಮಾತನ್ನು ಆಗಿನ ದೊಡ್ಡ ಡಾಕ್ಟರುಗಳು ಬಹಳ ಕಾಲ ಒಪ್ಪಲಿಲ್ಲ. ನಮ್ಮ ಮಂದಿಗೆ ತಿದ್ದಿ ಹೇಳಿದರೆ ಇಷ್ಟವಾಗುವುದಿಲ್ಲ ಅನ್ನುವುದು ಅವತ್ತಿನಿಂದ ಬಂದದ್ದು!

ಬೇಡ ಅನ್ನಬಾರದ ಹೊತ್ತೂ ಇದೆ. ನೀರು ಒಡೆದ ಕೂಡಲೇ ಮಗುವಿನ ಎದೆಬಡಿತ ಇಳಿದರೆ, ಹೊಕ್ಕುಳಬಳ್ಳಿ ಕೆಳಗೆ ಜಾರಿದೆಯಾ ಅಂತ ಆಗಲೇ ನೋಡಬೇಕು. ಅಲ್ಲಿ ನಿಮಿಷ ನಿಮಿಷವೂ ಲೆಕ್ಕ. ಹೆರಿಗೆ ಆದಮೇಲೆ ರಕ್ತ ನಿಲ್ಲದಿದ್ದರೂ ಹಾಗೇ. ಅಂಥ ಹೊತ್ತಲ್ಲಿ ನಾವು ವಿವರಿಸುತ್ತಾ ಕೂರುವುದಿಲ್ಲ, ಆದರೂ ಒಂದು ವಾಕ್ಯ ಹೇಳಿಯೇ ಹೇಳಬೇಕು.

ಹೆಸರು ಬೇಡ

ಇದಕ್ಕಾಗಿಯೇ ಹೊಸ ಐಡಿ ಮಾಡಿಕೊಂಡು ಬಂದಿದ್ದೇನೆ. ನನಗೆ ಮದುವೆಯಾಗಿ ಬಹಳ ದಿನ ಗಂಡನ ಜೊತೆಗೂ ಆಗುತ್ತಿರಲಿಲ್ಲ. ಮೈ ತಾನೇ ಬಿಗಿಯುತ್ತಿತ್ತು. ಚಿಕ್ಕವಳಿದ್ದಾಗ ಸಂಬಂಧಿಕರೊಬ್ಬರಿಂದ ಆದದ್ದು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೇಗೋ ಈಗ ಬಸುರಿ. ಮೊದಲ ಸ್ಕ್ಯಾನಿಗೆ ಹೋದಾಗ ಒಳಗಿನಿಂದ ಮಾಡುತ್ತೇವೆ ಅಂದರು. ನಾನು ಮೈ ಬಿಗಿ ಹಿಡಿದು ಅತ್ತುಬಿಟ್ಟೆ. ಅಲ್ಲಿದ್ದವರು "ಮಗು ಆಗುವಾಗ ಏನು ಮಾಡುತ್ತೀ" ಅಂತ ನಕ್ಕರು. ಅವತ್ತಿನಿಂದ ಸಿಸೇರಿಯನ್ ಮಾಡಿಬಿಡಿ ಅಂತ ಕೇಳಬೇಕು ಅನ್ನಿಸುತ್ತಿದೆ. ಯಾರಿಗೆ ಹೇಳಲಿ ಗೊತ್ತಾಗುತ್ತಿಲ್ಲ.

ರಾತ್ರಿ ಡ್ಯೂಟಿ, ಬೆಳಗಾವಿ

ತಂಗಿ, ಬರೆದದ್ದಕ್ಕೆ ಮೊದಲು ಶಹಬ್ಬಾಸ್. ನಕ್ಕವರದ್ದು ತಪ್ಪು.

ಮೈ ಬಿಗಿಯುವುದು ನೀವು ಬೇಕಂತ ಮಾಡುವುದಲ್ಲ. ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ತಾನೇ ಮುಚ್ಚುತ್ತದಲ್ಲ, ಹಾಗೆ. ಅದಕ್ಕೆ ವ್ಯಾಜಿನಿಸ್ಮಸ್ ಅಂತ ಹೆಸರಿದೆ, ಚಿಕಿತ್ಸೆಯೂ ಇದೆ. "ಸಡಿಲ ಬಿಡು, ಸಡಿಲ ಬಿಡು" ಅಂತ ಬೈದರೆ ಇನ್ನೂ ಬಿಗಿಯುತ್ತದೆ.

ನನ್ನ ಅನುಭವದಲ್ಲಿ ಇಂಥವರಿಗೆ ಸಹಾಯ ಆಗುವುದು ಸಣ್ಣ ಸಣ್ಣ ವಿಷಯ. ಅಂಗಾತ ಮಲಗಿ ಕಾಲೆತ್ತಿದರೆ ಭಯವಾಗುವವರಿಗೆ ಎಡಮಗ್ಗುಲಾಗಿ ಮಲಗಿಸಿಯೂ ಪಿವಿ ಮಾಡಬಹುದು. ಸೊಂಟದ ಮೇಲೆ ಬಟ್ಟೆ ಹೊದಿಸಬೇಕು. ಕೈ ಮೊದಲು ತೊಡೆಯ ಮೇಲೆ ಇಟ್ಟು ಹೇಳಿ, ಆಮೇಲೆ ಮುಂದೆ ಹೋಗಬೇಕು. ಬೇಕಾದರೆ ಒಂದೇ ಬೆರಳಿನಲ್ಲಿ ಶುರು ಮಾಡಬಹುದು. ಸ್ಕ್ಯಾನಿನ ಪ್ರೋಬ್, ಅಂದರೆ ಒಳಗೆ ಇಡುವ ಕಡ್ಡಿಯನ್ನು, ನಾನೇ ಹಿಡಿದು ಒಳಗೆ ಇಟ್ಟುಕೊಳ್ಳುತ್ತೇನೆ ಅಂತಲೂ ಕೇಳಬಹುದು. ಹೌದು, ನಿಜವಾಗಿ ಕೇಳಬಹುದು. ಸ್ಪೆಕ್ಯುಲಮ್ ಅಂದರೆ ಆ ಕೊಕ್ಕಿನಂಥ ಸಾಧನದಲ್ಲೂ ಸಣ್ಣ ಸೈಜ್ ಇರುತ್ತದೆ.

ಮಲಪ್ರಭಾ ಡಾಕ್ಟರ್

ಮೊದಲ ಸ್ಕ್ಯಾನ್ ಬಗ್ಗೆ ಒಂದು ಮಾತು. ಎರಡು ತಿಂಗಳ ಒಳಗೆ ಮಗು ಬಹಳ ಸಣ್ಣದಿರುತ್ತದೆ. ಒಳಗಿನಿಂದ ಮಾಡಿದರೆ ಚೆನ್ನಾಗಿ ಕಾಣುತ್ತದೆ ಅಂತ ಮಾಡುತ್ತಾರೆ. ಮಗು ಗರ್ಭಕೋಶದಲ್ಲೇ ಇದೆಯಾ, ಟ್ಯೂಬಿನಲ್ಲಿ ಕೂತಿದೆಯಾ ಅಂತ ತಿಳಿಯಲು ಅದು ಮುಖ್ಯ. ಆಗದವರಿಗೆ ನೀರು ಕುಡಿಸಿ, ಮೂತ್ರ ತುಂಬಿಸಿ, ಹೊಟ್ಟೆಯ ಮೇಲಿಂದ ನೋಡಬಹುದು. ಸ್ಪಷ್ಟ ಕಾಣದಿದ್ದರೆ, ಹೊಟ್ಟೆ ನೋವು, ರಕ್ತ ಇಲ್ಲದಿದ್ದರೆ, ಒಂದೆರಡು ವಾರ ಬಿಟ್ಟು ಮತ್ತೆ ನೋಡಬಹುದು.

ಸಿಸೇರಿಯನ್ ಬಗ್ಗೆ ಈಗಲೇ ತೀರ್ಮಾನ ಬೇಡ. ಇದೇ ಕಾರಣಕ್ಕೆ ಸಿಸೇರಿಯನ್ ಕೇಳುವವರು ಇದ್ದಾರೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ವ್ಯಾಜಿನಿಸ್ಮಸ್ ಇರುವವರು ಸಹಜವಾಗಿ ಹೆತ್ತ ಉದಾಹರಣೆ ಬೇಕಾದಷ್ಟಿವೆ. ಎಪಿಡ್ಯೂರಲ್ (ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಔಷಧಿ) ಸಿಗುವ ಆಸ್ಪತ್ರೆ ಆದರೆ ಅದು ಕೆಲಸ ಮಾಡಲು ಶುರುವಾದ ಮೇಲೆ ಪಿವಿ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ನಿಮ್ಮ ಡಾಕ್ಟರಿಗೆ ಚಿಕ್ಕಂದಿನ ಕಥೆ ಪೂರಾ ಹೇಳಬೇಕು ಅಂತಿಲ್ಲ. "ನನಗೆ ಹಿಂದೆ ಆದ ಒಂದು ವಿಷಯದಿಂದ ಒಳಗಿನ ತಪಾಸಣೆ ಬಹಳ ಕಷ್ಟ" ಅನ್ನಿ. ಗೊತ್ತಿರುವ ಡಾಕ್ಟರಿಗೆ ಅಷ್ಟು ಸಾಕು. ಅಷ್ಟು ಹೇಳಿದ ಮೇಲೂ ನಕ್ಕರೆ ಡಾಕ್ಟರನ್ನು ಬದಲಾಯಿಸಿ. ಈಗಿನ್ನೂ ಸಮಯ ಇದೆ.

ಗುಳೇದಗುಡ್ಡ ಖಣ

ಹೆಸರು ಬೇಡ ಅಂದ ಅಕ್ಕಾ, ನಾನು ನಿಮ್ಮ ಜೊತೆ ಇದ್ದೇನೆ. ಬೇಕಾದರೆ ಮೆಸೇಜ್ ಮಾಡಿ.

ನವನಗರ ಹುಡುಗ, ಬಾಗಲಕೋಟೆ

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಅಕ್ಕಂದಿರು ಬೇಡ ಅಂದರೆ ತೆಗೆಯುತ್ತೇನೆ. ನನ್ನ ಹೆಂಡತಿಗೆ ಮುಂದಿನ ತಿಂಗಳು ಹೆರಿಗೆ. ಅವಳೂ ಇದೇ ಮಾತು ಹೇಳುತ್ತಾಳೆ. ಜೊತೆಗೆ ನಾನು ಒಳಗೆ ಇದ್ದರೆ ಧೈರ್ಯ ಅನ್ನುತ್ತಾಳೆ. ಬಿಡುತ್ತಾರಾ? ನಮ್ಮವ್ವ "ಗಂಡಸರಿಗೆ ಅಲ್ಲೇನು ಕೆಲಸ" ಅನ್ನುತ್ತಿದ್ದಾರೆ.

ರಾತ್ರಿ ಡ್ಯೂಟಿ, ಬೆಳಗಾವಿ

ತೆಗೆಯಬೇಡಿ ತಮ್ಮಾ, ಚೆನ್ನಾಗಿ ಕೇಳಿದ್ದೀರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಮುಖ್ಯವಾಗಿ ಹೆಂಗಸರು, ತಾವೂ ಹೆತ್ತ ಅನುಭವ ಇದ್ದವರು. ಬೇರೆಯವರ ಮರ್ಯಾದೆಗೆ ತೊಂದರೆ ಆಗದ ಹಾಗೆ ಲೇಬರ್ ರೂಮಿನಲ್ಲಿ ಮರೆ ಇದ್ದರೆ ಗಂಡನೂ ಇರಬಹುದು ಅಂತ ಅದರಲ್ಲೇ ಇದೆ. ಆದರೆ ಒಂದೇ ಕೋಣೆಯಲ್ಲಿ ನಾಲ್ಕೈದು ಮಂಚ ಇರುವ ಕಡೆ ಗಂಡಸರನ್ನು ಬಿಡುವುದಿಲ್ಲ, ಅದು ಸರಿಯೂ ಹೌದು. 2017ರ ಕೊನೆಗೆ ಕೇಂದ್ರ ಸರ್ಕಾರವೇ ತಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಲೇಬರ್ ರೂಮಿನ ಗೌರವದ ಆರೈಕೆ, ಮರೆ, ಜೊತೆಗಾರ್ತಿ ಇವೆಲ್ಲ ಸೇರಿವೆ. ನಿಮ್ಮ ಆಸ್ಪತ್ರೆಗೆ ಮುಂಚೆಯೇ ಹೋಗಿ ಕೇಳಿಕೊಂಡು ಬನ್ನಿ. ನೋವು ಬಂದ ರಾತ್ರಿ ಬಾಗಿಲಲ್ಲಿ ಜಗಳ ಆಡಬೇಡಿ.

ಬಿಡದಿದ್ದರೆ ನಿಮ್ಮ ಅವ್ವನನ್ನಲ್ಲ, ಹೆಂಡತಿ ಯಾರನ್ನು ಹೇಳುತ್ತಾಳೋ ಅವರನ್ನು ಕಳಿಸಿ. ಅವಳ ಅವ್ವ, ಅಕ್ಕ, ವೈನಿ ಯಾರಾದರೂ ಸರಿ. ಒಳಗೆ ಹೋದವರ ಕೆಲಸ ಬಾಯಿ ಬಿಡುವುದು. ನೋವಿನಲ್ಲಿ ಇರುವವಳಿಗೆ ಮಾತಾಡಲು ಬರುವುದಿಲ್ಲ. "ಸಿಸ್ಟರ್, ಈಗ ನೋವು ಬಂದಿದೆ, ಇಳಿದ ಮೇಲೆ ನೋಡಿ" ಅಂತ ಅವರು ಹೇಳಬೇಕು.

ಟಿಳಕವಾಡಿ ವಕೀಲೆ

ಕಾನೂನಿನ ಮಾತು ಬೇಕು ಅನ್ನಿಸಿತು, ಚಿಕ್ಕದಾಗಿ ಹೇಳುತ್ತೇನೆ. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳ ಹಕ್ಕುಗಳ ಸನ್ನದನ್ನು ಜಾರಿ ಮಾಡಿ ಅಂತ ರಾಜ್ಯಗಳಿಗೆ ಕಳಿಸಿತು. ಮಾನವ ಹಕ್ಕುಗಳ ಆಯೋಗ ತಯಾರಿಸಿದ್ದು ಅದು. ಮಾಹಿತಿ, ಒಪ್ಪಿಗೆ, ಖಾಸಗಿತನ, ಗೌರವ ಎಲ್ಲ ಅದರಲ್ಲಿವೆ. ಗಂಡು ಡಾಕ್ಟರ್ ಹೆಂಗಸನ್ನು ತಪಾಸಣೆ ಮಾಡುವಾಗ ಇನ್ನೊಬ್ಬ ಹೆಂಗಸು ಅಲ್ಲಿರಬೇಕು ಅನ್ನುವುದೂ ಇದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಬೇರೆ ಚಿಕಿತ್ಸೆಗೆ ಎಳೆಯುವ ಹಾಗಿಲ್ಲ, ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು.

ಅಡ್ಮಿಟ್ ಆಗುವಾಗ ಹಾಕಿಸಿಕೊಳ್ಳುವ ಸಹಿ ನೋಡಿ ಎಲ್ಲಕ್ಕೂ ಒಪ್ಪಿದ್ದೇನೆ ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ ಅದು. ಅದರಲ್ಲೂ ಆ ಸಹಿ ಬಹಳ ಸಲ ಗಂಡನದ್ದೋ ಅಪ್ಪನದ್ದೋ ಆಗಿರುತ್ತದೆ!

ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ಲೇಬರ್ ರೂಮಿನಲ್ಲಿ ಕಾನೂನಿಗಿಂತ ಒಳ್ಳೆಯ ಮಾತು ಜಾಸ್ತಿ ಕೆಲಸ ಮಾಡುತ್ತದೆ. ಸನ್ನದಿನ ಪ್ರಿಂಟ್ ಹಿಡಿದುಕೊಂಡು ಹೋಗಬೇಡಿ.

ಗೋಳಗುಮ್ಮಟ ಮೊಮ್ಮಗಳು, ವಿಜಯಪುರ

ನಮ್ಮ ಆಯಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವರ ಎಲ್ಲ ಹೆರಿಗೆಯೂ ಮನೆಯಲ್ಲೇ, ಊರ ಸೂಲಗಿತ್ತಿಯ ಕೈಯಲ್ಲಿ. ಆಕೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಿರುತ್ತಿದ್ದಳಂತೆ. ನೋವು ಎಷ್ಟು ಹೊತ್ತಿಗೆ ಬರುತ್ತಿದೆ, ಎಷ್ಟು ಹೊತ್ತು ನಿಲ್ಲುತ್ತಿದೆ, ಬಸುರಿ ಮಾತಾಡುತ್ತಿದ್ದಾಳಾ ಮೌನವಾದಳಾ, ಇದನ್ನು ನೋಡಿಯೇ "ಇನ್ನೂ ಹೊತ್ತಿದೆ, ಚಹಾ ಕುಡಿ" ಅನ್ನುತ್ತಿದ್ದಳಂತೆ. ಒಳಗೆ ಕೈ ಹಾಕುತ್ತಿರಲಿಲ್ಲವಾ ಅಂತ ಕೇಳಿದೆ. "ಹಾಕುತ್ತಿದ್ದಳು, ಎಣ್ಣೆ ಹಚ್ಚಿ. ಗ್ಲೌಸ್ ಎಲ್ಲಿತ್ತು?" ಅಂದರು. ಹೆತ್ತ ಮೇಲೆ ನಂಜಾಗಿ ತೀರಿಕೊಂಡ ಓರಗಿತ್ತಿಯ ಹೆಸರನ್ನೂ ಹೇಳಿದರು. ಹಳೆಯದೆಲ್ಲ ಒಳ್ಳೆಯದು ಅನ್ನುವವರಿಗೆ ಆಯಿಯ ಕಡೆಯಿಂದ ಇದು.

ರಾತ್ರಿ ಡ್ಯೂಟಿ, ಬೆಳಗಾವಿ

ಆಯಿಗೆ ನಮಸ್ಕಾರ. ಆ ಸೂಲಗಿತ್ತಿ ಅಂಗೈಯಲ್ಲಿ ನೋಡುತ್ತಿದ್ದುದು ಈಗಲೂ ನಮ್ಮ ಚಾರ್ಟಿನಲ್ಲಿ ಇದೆ. 10 ನಿಮಿಷದಲ್ಲಿ ಎಷ್ಟು ನೋವು, ಒಂದೊಂದು ಎಷ್ಟು ಸೆಕೆಂಡು, ಹೊಟ್ಟೆಯ ಮೇಲಿಂದ ಮುಟ್ಟಿದರೆ ತಲೆ ಇನ್ನೂ ಎಷ್ಟು ಸಿಗುತ್ತದೆ. ಇವನ್ನೆಲ್ಲ ಸರಿಯಾಗಿ ನೋಡಿ ಬರೆದರೆ ನಡುವಿನ ಪಿವಿ ಎಷ್ಟೋ ಕಡಿಮೆ ಆಗುತ್ತವೆ. ಆದರೆ ಇದಕ್ಕೆ ಮಂಚದ ಪಕ್ಕ ಕೂರಬೇಕು. ಕೂರಲು ಮಂದಿ ಬೇಕು. ಇಂಡಿ ಅಕ್ಕ ಹೇಳಿದ್ದು ಇಲ್ಲಿ ನಿಜ.

ಮಲಪ್ರಭಾ ಡಾಕ್ಟರ್

ಹೌದು. ಜೊತೆಗೆ, ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕವೂ ಈ ಅವಸರಕ್ಕೆ ಕಾರಣ. 1950ರ ದಶಕದಲ್ಲಿ ಅಮೆರಿಕದ ಫ್ರೀಡ್‌ಮನ್ ಎಂಬ ಡಾಕ್ಟರ್ ಹಾಕಿದ ಗ್ರಾಫ್‌ನಿಂದ ಬೆಳೆದು ಬಂದದ್ದು ಅದು. ಈಗ ಅದನ್ನು ಎಲ್ಲರಿಗೂ ಒಂದೇ ಅಳತೆ ಅಂತ ಬಳಸಬೇಡಿ ಅನ್ನುತ್ತಾರೆ. 2020ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಹೆರಿಗೆ ಚಾರ್ಟಿನಲ್ಲಿ 5 ಸೆಂ.ಮೀ.ನಲ್ಲೇ 6 ಗಂಟೆ ನಿಂತರೆ ಮಾತ್ರ ಎಚ್ಚರದ ಗುರುತು. ಇದು ಗೊತ್ತಿದ್ದರೆ "ಇನ್ನೂ ಅಷ್ಟೇ ಇದೆ" ಅಂದಾಗ ಬಸುರಿ ಎದೆಗುಂದುವುದಿಲ್ಲ. ಎಷ್ಟೋ ಜನಕ್ಕೆ ಪಿವಿ ನೋವಿಗಿಂತ ಆ ಮಾತೇ ನೋವು.

ಹಿಡಕಲ್ ಡ್ಯಾಮ್

ನನ್ನ ಅನುಭವ ಬೇರೆ. ದಿನ ತುಂಬಿತ್ತು, ನೋವು ಬಂದಿರಲಿಲ್ಲ. "ಸುಮ್ನೆ ನೋಡುತ್ತೇನೆ" ಅಂದರು ಡಾಕ್ಟರ್. ಮಾಮೂಲಿ ಪಿವಿಗಿಂತ ಬಹಳ ನೋಯಿತು, ಬೆರಳು ಒಳಗೆ ಸುತ್ತ ತಿರುಗಿಸಿದ ಹಾಗೆ. ಮನೆಗೆ ಬಂದಮೇಲೆ ಸ್ವಲ್ಪ ರಕ್ತ. ಮರುದಿನ ನೋವು ಶುರು. ಅವರು ಏನು ಮಾಡಿದರು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಮಲಪ್ರಭಾ ಡಾಕ್ಟರ್

ನೀವು ಹೇಳಿದ್ದು ಮೆಂಬ್ರೇನ್ ಸ್ವೀಪ್ ಥರ ಇದೆ. ನೋಡದೆ ಖಚಿತವಾಗಿ ಹೇಳಲಾರೆ. ಬೆರಳನ್ನು ಗರ್ಭಕೋಶದ ಬಾಯಿಯೊಳಗೆ ಇಟ್ಟು ಸುತ್ತ ತಿರುಗಿಸಿ, ನೀರಿನ ಚೀಲದ ಅಂಚನ್ನು ಬಿಡಿಸುವುದು. ಅದರಿಂದ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ, ನೋವು ಬರಿಸುವ ಅಂಶ ಬಿಡುಗಡೆ ಆಗಿ ನೋವು ಶುರುವಾಗಬಹುದು. ಆಗದೆಯೂ ಇರಬಹುದು. ಔಷಧಿ ಕೊಟ್ಟು ನೋವು ಬರಿಸುವುದನ್ನು ಕೆಲವರಿಗೆ ಇದು ತಪ್ಪಿಸುತ್ತದೆ, ಹಾಗಾಗಿ ಒಳ್ಳೆಯ ವಿಧಾನವೇ. ಸ್ವಲ್ಪ ರಕ್ತ, ಹೊಟ್ಟೆ ಹಿಡಿದ ಹಾಗೆ ಆಗುವುದು ಸಾಮಾನ್ಯ.

ಆದರೆ ಅದು ತಪಾಸಣೆ ಅಲ್ಲ, ಚಿಕಿತ್ಸೆ. ಹೇಳದೆ ಮಾಡುವ ಹಾಗಿಲ್ಲ. "ಸುಮ್ನೆ ನೋಡುತ್ತೇನೆ" ಅಂದು ಸ್ವೀಪ್ ಮಾಡುವುದನ್ನು ನಾನು ಒಪ್ಪುವುದಿಲ್ಲ, ಮಾಡುವವರು ನನ್ನ ಜೊತೆ ಓದಿದವರೇ ಆದರೂ. 39 ವಾರ ದಾಟಿದವರು ಪಿವಿಗೆ ಮಲಗುವ ಮುಂಚೆ ಕೇಳಿ: "ಬರೀ ನೋಡುತ್ತೀರಾ, ಸ್ವೀಪ್ ಕೂಡ ಮಾಡುತ್ತೀರಾ?"

ಕೃಷ್ಣಾದಂಡೆ, ಜಮಖಂಡಿ

ಎಲ್ಲರಿಗೂ ಬಹಳ ಉಪಕಾರ. ಇವತ್ತು ಚೆಕಪ್ ಇತ್ತು. ಹೋಗುತ್ತಲೇ ಕೇಳಿದೆ, ಒಳಗಿನ ತಪಾಸಣೆ ಇಲ್ಲ ಅಂದರು. ಆಮೇಲೆ ಮೊದಲ ಹೆರಿಗೆಯ ಕಥೆ ಹೇಳಿದೆ. ಡಾಕ್ಟರ್ ಸಿಟ್ಟಾಗಲಿಲ್ಲ. ಆದರೆ ಅಷ್ಟೇನೂ ಕಿವಿಗೊಟ್ಟಂತೆಯೂ ಕಾಣಲಿಲ್ಲ. "ಆಗಲಿ ನೋಡೋಣ, ಆಗ ಯಾರು ಡ್ಯೂಟಿಯಲ್ಲಿ ಇರುತ್ತಾರೋ" ಅಂದರು. ಪೂರಾ ಬೇಡ ಅನ್ನುವ ಯೋಚನೆ ಬಿಟ್ಟಿದ್ದೇನೆ. ಕಲಿಯುವವರು ಬೇಡ, ಒಬ್ಬರೇ ನೋಡಲಿ, ಕೇಳಿ ಮಾಡಲಿ, ಇಷ್ಟು ಸಾಕು ನನಗೆ. ವೈನಿ ಜೊತೆಗೆ ಬರುತ್ತೇನೆ ಅಂದಿದ್ದಾರೆ. ಅವರಿಗೆ ಬಾಯಿ ಜೋರು!

ಇಂಡಿ ನಿಂಬೆ

ಜೋರು ಬಾಯಿಯ ವೈನಿ ಇದ್ದರೆ ಅರ್ಧ ಚಿಂತೆ ಹೋಯಿತು ಬಿಡು ತಂಗಿ. ಆದರೆ ಕಲಿಯುವವರು ಬೇಡವೇ ಬೇಡ ಅಂದರೆ ನಾಳೆ ನಿನ್ನ ಮಗಳ ಹೆರಿಗೆ ಮಾಡುವ ಡಾಕ್ಟರ್ ಎಲ್ಲಿ ಕಲಿಯಬೇಕು?

ಗೋಕಾಕ ಕರದಂಟು

ಕೇಳಿ ಕಲಿಯಲಿ ಅಕ್ಕಾ. ಹೆಸರು ಹೇಳಿ, ಕೇಳಿದರೆ ನಾನಂತೂ ಹೂಂ ಅಂದಿರುತ್ತಿದ್ದೆ. ಎಷ್ಟೋ ಜನ ಅನ್ನುತ್ತಾರೆ.

ಮಲಪ್ರಭಾ ಡಾಕ್ಟರ್

ನನ್ನ ಅನುಭವವೂ ಅದೇ. ಕೇಳಿದರೆ ಬೇಡ ಅನ್ನುವವರು ಕಡಿಮೆ. ವಿದ್ಯಾರ್ಥಿ ನೋಡಬೇಕಿದ್ದರೆ ಹಿರಿಯರು ನೋಡುವ ಹೊತ್ತಿಗೇ, ತಾಯಿ ಒಪ್ಪಿದ ಮೇಲೆ, ಒಬ್ಬರು ಮಾತ್ರ.

ನವನಗರ ಹುಡುಗ, ಬಾಗಲಕೋಟೆ

ಇನ್ನೊಂದು ಕೇಳಲಾ? ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡ್ ಒಳಗೆ ಇಟ್ಟರೆ ಆಗುತ್ತದಾ? ಅವತ್ತು ನಾವು ಏನಾದರೂ ಮರೆತರೆ ಅಂತ.

ರಾತ್ರಿ ಡ್ಯೂಟಿ, ಬೆಳಗಾವಿ

ಬರೆಯಿರಿ, ಆದರೆ ತಾಯಿ ಕಾರ್ಡ್ ಒಳಗೆ ಬೇಡ. ಕಾರ್ಡ್ ಅಡ್ಮಿಷನ್ ಮಾಡುವವರ ಟೇಬಲ್ಲಿಗೆ ಹೋಗುತ್ತದೆ, ಚೀಟಿ ಅಲ್ಲೇ ಉಳಿಯುತ್ತದೆ. ನಾಲ್ಕೇ ಸಾಲು ಇರಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಅದನ್ನು ಕೇಸ್ ಶೀಟಿನ ಮೇಲೆ ಪಿನ್ ಮಾಡಿ ಅಂತ ಸಿಸ್ಟರಿಗೆ ಹೇಳಿ. ಇನ್ನೊಂದು ಪ್ರತಿ ಒಳಗೆ ಹೋಗುವವರ ಕೈಯಲ್ಲಿರಲಿ. ಮತ್ತೆ, ಡ್ಯೂಟಿ ಬದಲಾಗುವ ಹೊತ್ತು ಕೇಳಿಟ್ಟುಕೊಳ್ಳಿ. ಹೊಸ ಸಿಸ್ಟರ್ ಬಂದ ಕೂಡಲೇ "ಈಗಷ್ಟೇ ನೋಡಿದ್ದಾರೆ, ಶೀಟಿನಲ್ಲಿ ಬರೆದಿದ್ದಾರೆ" ಅಂತ ಹೊತ್ತು ಸಮೇತ ಹೇಳಬೇಕು. ಬೆಳಿಗ್ಗೆ ಪಾಳಿಯವರು ಬರುವಾಗ ಬಹಳ ಗದ್ದಲ ಇರುತ್ತದೆ, ಆಗ ಎರಡು ಸಲ ಹೇಳಿ.